ಎಲ್ಲರದ್ದೂ ಆದ ಮೇಲೆ

ಹಿಂದಿನ ದಿನದ ಬೂದಿ ತೆಗೆದು ಒಲೆ ಹಚ್ಚುವುದು. ಕುಚ್ಚಲಕ್ಕಿ ತೊಳೆದು ಅದರ ಮೇಲೆ ಬೇಯಲಿಡುವುದು, ಯಾಕೆಂದರೆ ಗ್ಯಾಸಿನಲ್ಲಿ ಬೆಂದ ಅನ್ನ ಗಂಡನ ಗಂಟಲಲ್ಲಿ ಇಳಿಯುವುದಿಲ್ಲ. ಗಂಡನ ಗಂಟಲಿಗೂ ಕಟ್ಟಿಗೆಯ ಒಲೆಗೂ ಇರುವ ಈ ನಂಟನ್ನು ಕಂಡುಹಿಡಿದವಳು ಅವನ ತಾಯಿ. ಆ ತಾಯಿಯ ಮೊಣಕಾಲಿನ ಶಾಖಕ್ಕೆ ಬಿಸಿನೀರು. ನೀರುದೋಸೆ, ಅದಕ್ಕೆ ಚಟ್ನಿ. ಮಗ ಉಜ್ವಲನ ಅಂಗಿಗೆ ಇಸ್ತ್ರಿ. ಡಿಗ್ರಿ ಮುಗಿಸಿ ಉಡುಪಿಯಲ್ಲಿ ಬೈಕ್ ಮಾರುವ ಕೆಲಸಕ್ಕೆ ಸೇರಿದ್ದಾನೆ, ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಎಲ್ಲಿದೆ ಎಂಬ ಪಾಠ ಮಾತ್ರ ಯಾವ ಸೆಮಿಸ್ಟರಿನಲ್ಲೂ ಬರಲಿಲ್ಲ. ಕೊನೆಗೆ ಅಂಗಳದ ದೀಪ ಹಾಕಿ, ರಾಶಿ ಬಿದ್ದ ಗುಳ್ಳಬದನೆಯನ್ನು ತೊಟ್ಟಿನ ಮುಳ್ಳು ಚುಚ್ಚಿಸಿಕೊಳ್ಳುತ್ತ ದೊಡ್ಡದು, ಸಣ್ಣದು, ಹುಳುಕು ಎಂದು ಬೇರೆ ಮಾಡಿ ಕ್ರೇಟಿಗೆ ತುಂಬುವುದು.

ಕಡಲ ಬದಿಯ ಮಟ್ಟು ಎಂಬ ಊರಿನಲ್ಲಿ ಬೆಳಕು ಹರಿಯುವ ಮೊದಲು ಅಕ್ಕು ಇಷ್ಟನ್ನು ಮುಗಿಸುತ್ತಾಳೆ. ಇದನ್ನು ಆ ಮನೆಯಲ್ಲಿ ಯಾರೂ ಕೆಲಸ ಎನ್ನುವುದಿಲ್ಲ. ಕೆಲಸ ಎಂದರೆ ಅವಳು ಬಸ್ಸು ಹತ್ತಿ ಹೋಗುವುದು. "ಅಕ್ಕುವಿಗೆ ಕೆಲಸ ಉಂಟಲ್ಲ, ಪಾಪ," ಎಂದು ಅತ್ತೆ ನೆರೆಯವರಲ್ಲಿ ಹೇಳುವಾಗ, ಒಲೆ ಉರಿದದ್ದು, ದೋಸೆ ಬೆಂದದ್ದು ಎಲ್ಲ ಕಡಲಲ್ಲಿ ಅಲೆ ಏಳುವ ಹಾಗೆ ತನ್ನಷ್ಟಕ್ಕೆ ಆದದ್ದು ಎಂದೇ ಲೆಕ್ಕ. ಗಂಡ ಭುಜಂಗ ಹೆಸರುವಾಸಿ ಗುಳ್ಳ ಬೆಳೆಗಾರ. ಕೃಷಿ ಮೇಳದಲ್ಲಿ ಅವನಿಗೆ ಶಾಲು ಹೊದಿಸಿದ ಫೋಟೋ ಚಾವಡಿಯಲ್ಲಿ ತೂಗುತ್ತದೆ. ಫೋಟೋದಲ್ಲಿ ಕೈ ಮುಗಿದು ನಿಂತಿದ್ದಾನೆ, ಬೆರಳುಗಳು ಬಹಳ ನುಣುಪಾಗಿವೆ.

ಎಲ್ಲರದ್ದೂ ಆದ ಮೇಲೆ ದೋಸೆ ಉಳಿದರೆ ಅದು ಅಕ್ಕುವಿನದು. ಉಳಿಯದಿದ್ದರೆ ಬಸ್ಸು ತಪ್ಪುವುದಿಲ್ಲ ಎಂಬ ಲಾಭ. ಕಟಪಾಡಿಯಲ್ಲಿ ಒಂದು ಬಸ್ಸು ಹಿಡಿದು, ಉಡುಪಿಯಲ್ಲಿ ಇನ್ನೊಂದು ಹತ್ತಿ, ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿರುವ 'ಮಧುರ ಮುಸ್ಸಂಜೆ' ಎಂಬ ಹಿರಿಯರ ಆರೈಕೆ ಕೇಂದ್ರಕ್ಕೆ ಅವಳು ತಲುಪುವ ಹೊತ್ತಿಗೆ ಅವಳ ಕೆಲಸದ ದಿನ ಶುರುವಾಗುತ್ತದೆ. ಅಧಿಕೃತವಾಗಿ.

ಅಲ್ಲಿ ಅವಳದು ಆಯಾ ಕೆಲಸ: ಮುದುಕಿಯರನ್ನು ಎಬ್ಬಿಸುವುದು, ಮೀಯಿಸುವುದು, ಊಟ ಕೊಡುವುದು. ಅದರ ಜೊತೆಗೆ ಇನ್ನೊಂದು ಹೊಣೆ, ಡಬ್ಬ ತಪಾಸಣೆ. ಪ್ರತಿ ಕೋಣೆಯಲ್ಲಿ ಮಂಚಕ್ಕೊಂದರಂತೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಪೆಟ್ಟಿಗೆ ಇದೆ. ನಿವಾಸಿಗಳು ತಮ್ಮ ಸ್ವಂತ ತಿನಿಸನ್ನು ಅದರಲ್ಲೇ ಇಡಬೇಕು. ಒಣ ತಿಂಡಿ ಪೆಟ್ಟಿಗೆಗೆ, ಬೇಯಿಸಿದ್ದು ಪ್ಯಾಂಟ್ರಿಯ ಫ್ರಿಜ್ಜಿಗೆ; ಎಲ್ಲದರ ಮೇಲೂ ಹೆಸರು, ತಾರೀಕು; ಬೇಯಿಸಿದ್ದು ಮೂರನೆಯ ದಿನಕ್ಕೆ ಕಸದ ಬುಟ್ಟಿಗೆ. ತಲೆದಿಂಬಿನ ಕೆಳಗೆ, ಹಾಸಿಗೆಯ ಅಡಿಯಲ್ಲಿ, ಬಟ್ಟೆಯ ಕಪಾಟಿನಲ್ಲಿ ತಿನ್ನುವ ಯಾವ ವಸ್ತುವೂ ಇರಕೂಡದು. ಈ ನಿಯಮಗಳನ್ನು ತಂದು ಬೋರ್ಡಿನಲ್ಲಿ ಬರೆಸಿದವರು ಮ್ಯಾನೇಜರ್ ಬೆಂಜಮಿನ್. ಅವರು ಬಹರೈನಿನ ಒಂದು ಕ್ಯಾಟರಿಂಗ್ ಕಂಪೆನಿಯಲ್ಲಿ ಬಹಳ ಕಾಲ ಸ್ಟೋರ್ ನೋಡಿಕೊಂಡಿದ್ದವರು. ಸ್ಟಿಕ್ಕರ್ ಅಂಟಿಸದ ವಸ್ತುವಿನ ಅಸ್ತಿತ್ವವನ್ನೇ ಅವರು ಒಪ್ಪುವುದಿಲ್ಲ. ನಿಯಮ ಕೆಟ್ಟದ್ದೇನಲ್ಲ. ಆ ಪ್ರಾಯದ ಹೊಟ್ಟೆಗೆ ಒಂದು ಹಳಸಿದ ತುತ್ತು ಸಾಕು, ಮತ್ತೆ ಡ್ರಿಪ್ಪೇ ಗತಿ. ಇರುವೆ, ಜಿರಳೆ, ಹೆಗ್ಗಣ ಬೇರೆ.

ಆದರೆ ನಿಯಮಕ್ಕೆ ಭಾನುವಾರ ಎಂದರೆ ಏನೆಂದು ಗೊತ್ತಿಲ್ಲ. ಭಾನುವಾರ ಅಲ್ಲಿ ಪ್ರೀತಿಯ ದಿನ. ಗಂಡುಮಕ್ಕಳು ಕಾರಿನಿಂದಿಳಿದು, ಚೀಲ ಎತ್ತಿ ಹಿಡಿದು, "ಅಮ್ಮಾ, ನಾನು ನಿನಗೆ ಪತ್ರೊಡೆ ತಂದೆ," ಎನ್ನುತ್ತಾರೆ. ತಂದದ್ದು ಅವರೇ, ಅದರಲ್ಲಿ ಸುಳ್ಳಿಲ್ಲ. ಕೆಸುವಿನ ಎಲೆ ಕೊಯ್ದು, ನಾರು ತೆಗೆದು, ಮಸಾಲೆ ಅರೆದು, ಹಚ್ಚಿ, ಸುತ್ತಿ, ಬೇಯಿಸಿ, ರಾತ್ರಿಯಿಡೀ ಕೈ ತುರಿಸಿಕೊಂಡವಳು ಎರಡು ಹೆಜ್ಜೆ ಹಿಂದೆ ಕೊಡೆ ಹಿಡಿದು ನಿಂತಿರುತ್ತಾಳೆ. ಅಮ್ಮಂದಿರು ಮಗನ ತಲೆ ಸವರುತ್ತಾರೆ. ಮಂಗಳವಾರ ಆ ಪ್ರೀತಿಯನ್ನು ಕಸದ ಬುಟ್ಟಿಗೆ ಹಾಕುವುದು ಅಕ್ಕುವಿನ ಪಾಲಿಗೆ.

ಈ ವಿಚಾರದಲ್ಲಿ ಜಗಳಕ್ಕೆ ನಿಲ್ಲುವವರು ಮೊದಲನೆಯ ಮಹಡಿಯ ಮೂಲೆಯ ಕೋಣೆಯ ಕಾನ್ಸೆಪ್ಟಾಬಾಯಿ ಒಬ್ಬರೇ. ಮಗಳು ಮಾಡಿ ತಂದ ಹಂದಿಮಾಂಸದ ಸೊರ್ಪೊತೆಲನ್ನು ಅಕ್ಕು ಎಸೆಯಲು ಹೊರಟಾಗ ಅವರು ಮ್ಯಾನೇಜರನ್ನೇ ಕರೆಸಿದ್ದರು.

"ಬೆಂಜಮಿನ್, ನಿನ್ನ ಅಮ್ಮ ಸೊರ್ಪೊತೆಲ್ ಯಾವ ದಿನ ಬಡಿಸುತ್ತಿದ್ದಳು?"

"ಮೂರನೆಯ ದಿನ, ಬಾಯಿ. ಮಸಾಲೆ ಹಿಡಿಯಬೇಕಲ್ಲ."

"ನಿನ್ನ ಬೋರ್ಡು ಮೂರನೆಯ ದಿನ ಎಂತ ಮಾಡಲಿಕ್ಕೆ ಹೇಳುತ್ತದೆ?"

"ಎಸೆಯಲಿಕ್ಕೆ."

"ಹಾಗಾದರೆ ನಿನ್ನಮ್ಮ ಕಸ ಬಡಿಸುತ್ತಿದ್ದಳಾ?"

ಸೊರ್ಪೊತೆಲಿಗೆ ಒಂದು ದಿನದ ರಿಯಾಯಿತಿ ಸಿಕ್ಕಿತು. ಉಳಿದೆಲ್ಲದಕ್ಕೂ ಬೋರ್ಡೇ ಗಟ್ಟಿ.

ಅದೇ ಕೋಣೆಯ ಇನ್ನೊಂದು ಮಂಚಕ್ಕೆ ಬಂದವರು ಕಾರ್ಕಳದ ಸರಸಮ್ಮ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವಾಕರ್ ಹಿಡಿದು ನಡೆಯುವಷ್ಟಾಗಿದ್ದರು. ಮನೆಯಲ್ಲಿ ಹಗಲು ನೋಡಿಕೊಳ್ಳುವವರಿಲ್ಲ. ಮಗ ಧನರಾಜನಿಗೆ ಟೈಲ್ಸ್ ಅಂಗಡಿ, ಸೊಸೆ ಶರ್ಮಿಳಾ ಅಲ್ಲಿಯದೇ ಕಾಲೇಜಿನಲ್ಲಿ ಲೆಕ್ಚರರ್. ಸರಸಮ್ಮ ಬಂದ ವಾರದಲ್ಲೇ ಮಾದರಿ ನಿವಾಸಿ ಎನಿಸಿಕೊಂಡರು. ಗಂಟೆ ಒತ್ತುವುದಿಲ್ಲ, ಚಾದರ ತಾವೇ ಮಡಚುತ್ತಾರೆ, ತಿನಿಸಿನ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಖರ್ಜೂರ ಬಿಟ್ಟರೆ ಏನೂ ಇಲ್ಲ, ಊಟದ ತಟ್ಟೆ ತೊಳೆದಷ್ಟು ಖಾಲಿ. ಹೊಸಬರು ಬಂದರೆ ಬೆಂಜಮಿನ್ ಆ ಪೆಟ್ಟಿಗೆಯನ್ನು ತೆರೆದು ತೋರಿಸುತ್ತಿದ್ದರು.

ತಟ್ಟೆ ಖಾಲಿಯಾಗುತ್ತಿತ್ತು, ಸರಸಮ್ಮ ಮಾತ್ರ ದಿನೇದಿನೇ ತೆಳ್ಳಗಾಗುತ್ತಿದ್ದರು. ಪ್ರಾಯ ಆಯಿತಲ್ಲ, ಎಂದರು ಡಾಕ್ಟರ್. ಕಾನ್ಸೆಪ್ಟಾಬಾಯಿ ಏನೋ ಹೇಳಲು ಬಾಯಿ ತೆರೆದವರು ಸರಸಮ್ಮನ ಮುಖ ನೋಡಿ ಜಪಮಾಲೆ ಎಣಿಸತೊಡಗಿದರು.

ಬೇಸಗೆಯ ಒಂದು ಮಂಗಳವಾರ ಸರಸಮ್ಮನಿಗೆ ವಾಂತಿ, ಭೇದಿ. ಸಂಜೆಯೊಳಗೆ ಕಣ್ಣು ಗುಳಿಬಿದ್ದವು. ಡ್ರಿಪ್ ಏರಿಸಿ, ಕಾರ್ಕಳಕ್ಕೆ ಫೋನು ಹೋಗಿ, ಮಗ ಸೊಸೆ ಓಡಿಬಂದರು. ಹೊಟ್ಟೆಗೆ ಏನು ಹೋಯಿತು ಎಂದು ಬೆಂಜಮಿನ್ ವಿಚಾರಣೆ ನಡೆಸಿದರು. ಕೇಂದ್ರದ ಅಡಿಗೆ ತಿಂದ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಭಾನುವಾರ ಶರ್ಮಿಳಾ ಬಂಗುಡೆ ಮೀನಿನ ಗಸಿ ಮಾಡಿ ತಂದಿದ್ದಳು. ಅಷ್ಟು ಸಾಕಾಯಿತು.

"ಎಂತ ಹಾಕಿದ್ದು ನೀನು ಅದಕ್ಕೆ?" ಧನರಾಜ ಜಗಲಿಯಲ್ಲೇ ಹೆಂಡತಿಯನ್ನು ಕೇಳಿದ. ಎದುರಿಗೆ ಆಯಾಗಳು, ಔಷಧದ ಟ್ರಾಲಿ ಹಿಡಿದ ನರ್ಸ್, ಗಾಲಿಕುರ್ಚಿಯಲ್ಲಿ ಕಿವಿ ನಿಮಿರಿಸಿದ ನಾಲ್ಕೈದು ಮಂದಿ. "ಫ್ರಿಜ್ಜಿನಲ್ಲಿ ಇದ್ದ ಹಳೆಯ ಮೀನಾ?"

"ಅದೇ ಗಸಿ ನೀವು ಮೂರು ಸಲ ಹಾಕಿಸಿಕೊಂಡಿರಿ," ಎಂದಳು ಶರ್ಮಿಳಾ.

"ನನ್ನ ಹೊಟ್ಟೆಯ ವಿಷಯ ಅಲ್ಲ ಈಗ."

ಧನರಾಜನ ಹೊಟ್ಟೆಯ ವಿಷಯ ಅಲ್ಲದ ಒಂದು ಮಾತು ಅವರ ಮದುವೆಯಲ್ಲಿ ಅದೇ ಮೊದಲಿರಬೇಕು. ಶರ್ಮಿಳಾ ಜಗಲಿಯ ಹೊರಗೆ ನೋಡಿದಳು. ಆ ಭಾನುವಾರ ಅವಳು ಕತ್ತಲಲ್ಲೇ ಎದ್ದು ಮೀನು ಕೊಯ್ದಿದ್ದಳು ಎಂಬುದು ಅಕ್ಕುವಿಗೆ ಗೊತ್ತಿರಲಿಲ್ಲ. ಆದರೆ ಅವಳ ಹೆಬ್ಬೆರಳಿನ ಮೇಲಿನ ಹಸಿ ಗೀರು ಕಾಣಿಸಿತು. ಸರಸಮ್ಮನಿಗೆ ಇನ್ನು ಮನೆಯ ಅಡಿಗೆ ಬಂದ್ ಎಂದು ಆಜ್ಞೆಯಾಯಿತು. ಸೊಸೆಯ ಕೈಯಡಿಗೆಯಿಂದ ತಾಯಿಯನ್ನು ಉಳಿಸಿದ ಮಗ ಕಾರು ಹತ್ತಿದ.

ಬಂಗುಡೆಯ ಮೇಲಿನ ಆಪಾದನೆ ಹದಿನೈದು ದಿನವೂ ನಿಲ್ಲಲಿಲ್ಲ. ಅಕ್ಕು ಒಂದು ಬೆಳಿಗ್ಗೆ ಸರಸಮ್ಮನ ಸೀರೆ ತೆಗೆಯಲು ಕಪಾಟು ತೆರೆದರೆ ಹುಳಿ ಹುಳಿ ವಾಸನೆ. ಮಡಚಿದ ಸೀರೆಗಳ ಹಿಂದೆ ಒಂದು ಸ್ಟೀಲಿನ ಡಬ್ಬ. ಒಳಗೆ ಅನ್ನ, ಅಲಸಂಡೆ ಪಲ್ಯ, ನೂಲು ಬಿಟ್ಟ ಸಾರು. ಎಲ್ಲ ಕೇಂದ್ರದ ಅಡಿಗೆಮನೆಯದೇ, ಹಿಂದಿನ ದಿನದ ಮಧ್ಯಾಹ್ನದ್ದು. ತಟ್ಟೆ ಖಾಲಿಯಾಗುತ್ತಿದ್ದ ಗುಟ್ಟು ಅದು.

ಮಗ ಬಂದರೆ ಕೊಡಲು ಇಟ್ಟುಕೊಂಡಿದ್ದಾರೆ, ಎಂದುಕೊಂಡಳು ಅಕ್ಕು. ಅವಳ ತಿಳುವಳಿಕೆಯಲ್ಲಿ ಹೆಂಗಸರು ತಿನ್ನದೆ ಎತ್ತಿಡುವುದು ಮಗನಿಗೆ. ತನ್ನ ಮನೆಯಲ್ಲಿ ಮೀನಿನ ನಡುತುಂಡು ಉಜ್ವಲನಿಗೆಂದು ಮುಚ್ಚಿಟ್ಟು, ತಲೆ ಬಾಲ ತಿಂದು ಅಭ್ಯಾಸವಾದವಳಿಗೆ ಬೇರೆ ಕಾರಣ ಹೊಳೆಯುವುದಾದರೂ ಹೇಗೆ? ಯಾರಿಗೂ ಹೇಳದೆ ಡಬ್ಬ ಖಾಲಿ ಮಾಡಿ, ತೊಳೆದು, ಅಲ್ಲಿಯೇ ಇಟ್ಟಳು. ಎರಡು ದಿನ ಬಿಟ್ಟು ಮತ್ತೆ ಅದೇ. ಮತ್ತೆ ತೊಳೆದಿಟ್ಟಳು. ಮೂರನೆಯ ಸಲ ಅವಳಿಗಿಂತ ಮೊದಲು ವಾಸನೆ ಹಿಡಿದವಳು ಹೆಡ್ ನರ್ಸ್ ಮೆಲಿಷಾ.

ಡಾಕ್ಟರ್ ಬಂದರು. ಸರಸಮ್ಮನನ್ನು ತಾರೀಕು ಕೇಳಿದರು, ವಾರ ಕೇಳಿದರು. ಅವರು ಎರಡನ್ನೂ ಸರಿಯಾಗಿ ಹೇಳಿ, "ಊಟ ಯಾಕೆ ಅಡಗಿಸಿಡುತ್ತೀರಿ?" ಎಂಬುದಕ್ಕೆ ಮಾತ್ರ ಸುಮ್ಮನಾದರು. ಉತ್ತರ ಬಾರದ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಮರೆವಿನ ಕಾಯಿಲೆಯ ಆರಂಭ ಇರಬಹುದು, ಕೂಡಿಡುವ ಚಟ ಅದರ ಒಂದು ಲಕ್ಷಣ, ಇನ್ನೊಮ್ಮೆ ಹೀಗಾದರೆ ಮೂರನೆಯ ಮಹಡಿಗೆ ಹಾಕುವುದು ಕ್ಷೇಮ ಎಂದರು.

ಮೂರನೆಯ ಮಹಡಿ ಎಂದರೆ ಏನೆಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಬಾಗಿಲು ಹೊರಗಿನಿಂದ ಹಾಕಿರುತ್ತದೆ. ಕಪಾಟಿಲ್ಲ, ಪೆಟ್ಟಿಗೆಯಿಲ್ಲ, ಸೀರೆಯಿಲ್ಲ. ಹಿಂದೆ ಲಾಡಿ ಕಟ್ಟುವ ನೀಲಿ ಗೌನು. ಕುತ್ತಿಗೆಗೆ ಪ್ಲಾಸ್ಟಿಕ್ ಕಟ್ಟಿ, ಮಿಕ್ಸಿಯಲ್ಲಿ ತಿರುವಿದ ಅನ್ನವನ್ನು ಚಮಚದಲ್ಲಿ ಬಾಯಿಗೆ ಹಾಕುತ್ತಾರೆ. ಬುದ್ಧಿ ಸರಿಯಿಲ್ಲದೆ ಹೋದವರು ಅಲ್ಲೇ ಉಳಿದಿದ್ದಾರೆ. ಬುದ್ಧಿ ಸರಿಯಿದ್ದು ಹೋದವರೂ ಸ್ವಲ್ಪ ದಿನದಲ್ಲಿ ಅಲ್ಲಿಗೆ ತಕ್ಕವರಾಗುತ್ತಾರೆ.

ಧನರಾಜ ಫೋನಿನಲ್ಲೇ ಒಪ್ಪಿಗೆ ಕೊಟ್ಟ. "ಡಾಕ್ಟರ್ ಹೇಳಿದ ಹಾಗೆ ಮಾಡಿ ಮಾರಾಯ್ರೆ. ಅಮ್ಮನಿಗೆ ಒಳ್ಳೆಯದಾಗಬೇಕು, ಅಷ್ಟೇ."

ಬೆಂಜಮಿನ್ ಅಕ್ಕುವನ್ನು ಕರೆದರು. "ಕಪಾಟು ದಿನಾ ನೋಡು. ಇನ್ನೊಂದು ಸಲ ಒಂದು ಅಗುಳು ಸಿಕ್ಕಿದರೂ ನನಗೆ ಹೇಳಬೇಕು. ನೀನೇ ತೊಳೆದಿಟ್ಟದ್ದು ಗೊತ್ತುಂಟು ನನಗೆ. ಪುನಃ ಹಾಗೆ ಮಾಡಿದರೆ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ."

ಮರುದಿನ ಮಧ್ಯಾಹ್ನ ಅಕ್ಕು ತಟ್ಟೆ ತಂದಿಟ್ಟು ಹೊರಗೆ ಹೋದ ಹಾಗೆ ಮಾಡಿ ಬಾಗಿಲ ಸಂದಿಯಲ್ಲಿ ನಿಂತಳು. ಸರಸಮ್ಮ ಮೆಲ್ಲನೆ ಎದ್ದು, ವಾಕರ್ ಹಿಡಿದು ಕಪಾಟಿನವರೆಗೆ ಹೋಗಿ, ಡಬ್ಬ ತಂದು, ತಟ್ಟೆಯಲ್ಲಿದ್ದುದನ್ನು ಅಚ್ಚುಕಟ್ಟಾಗಿ ಅದಕ್ಕೆ ತುಂಬಿ, ತಟ್ಟೆಯನ್ನು ಸೀರೆಯ ಸೆರಗಿನಲ್ಲಿ ಒರೆಸಿದರು. ಪಕ್ಕದ ಮಂಚದಲ್ಲಿ ಕಾನ್ಸೆಪ್ಟಾಬಾಯಿ ಆಗಲೇ ಊಟ ಮುಗಿಸಿ ಮೂಳೆ ಚೀಪುತ್ತಿದ್ದರು.

ಅಕ್ಕು ಒಳಗೆ ನುಗ್ಗಿದಳು. "ಎಂತ ಸರಸಮ್ಮ ಇದು? ನಿಮ್ಮನ್ನು ಮೇಲೆ ಹಾಕುತ್ತಾರೆ, ಗೊತ್ತುಂಟಾ? ಮೂರನೆಯ ಮಾಳಿಗೆಗೆ! ಯಾರಿಗೆ ಇಡುವುದು ಇದನ್ನು? ಮಗನಿಗಾ?"

"ಮಗನಿಗೆ ಎಂತಕ್ಕೆ? ಅವನ ಹೊಟ್ಟೆ ನೋಡಿದ್ದೀಯಲ್ಲ."

"ಮತ್ತೆ?"

"ನನಗೇ. ಆಮೇಲೆ ತಿನ್ನುತ್ತೇನೆ. ಎಲ್ಲರದ್ದೂ ಆಗಲಿ ಅಂತ."

"ಎಲ್ಲರದ್ದೂ ಆಯಿತು. ಕಾನ್ಸೆಪ್ಟಾಬಾಯಿಯದ್ದೂ ಆಯಿತು, ನೋಡಿ."

"ನನ್ನದು ಗಂಟೆ ಹೊಡೆಯುವ ಮೊದಲೇ ಆಗುತ್ತದೆ," ಎಂದರು ಕಾನ್ಸೆಪ್ಟಾಬಾಯಿ. "ಐವತ್ತು ವರ್ಷ ಪಾತ್ರೆ ಕೆರೆದು ತಿಂದಾಯಿತು, ಇನ್ನು ಕಾಯುವುದಿಲ್ಲ. ಇವಳಿಗೆ ದಿನಾ ಹೇಳುತ್ತೇನೆ ಮಾರಾಯ್ತಿ, ಕಿವಿಗೆ ಹಾಕುವುದಿಲ್ಲ."

ಸರಸಮ್ಮ ಅಕ್ಕುವಿನ ಮುಖ ನೋಡಿದರು. "ನಿನ್ನದು ಆಗಿದೆಯಾ?"

ಅಕ್ಕುವನ್ನು ಆ ಪ್ರಶ್ನೆ ಕೇಳಿದವರು ಇತ್ತೀಚೆಗೆ ಯಾರೂ ಇರಲಿಲ್ಲ.

ಸರಸಮ್ಮ ಮದುವೆಯಾಗಿ ಕಾರ್ಕಳಕ್ಕೆ ಬಂದಾಗ ಗಂಡನ ಮನೆಯವರಿಗೆ ಕಲ್ಲುಕೋರೆ ಇತ್ತು. ಕೋರೆಯಲ್ಲಿ ಕಲ್ಲು ಒಡೆಯುವವರಿಗೆಲ್ಲ ಊಟ ಮನೆಯಿಂದಲೇ. ಮಾವ, ಭಾವಂದಿರು, ಗಂಡ, ಮಕ್ಕಳು, ಕೆಲಸದವರು, ಕೊನೆಗೆ ದನದ ಹಟ್ಟಿ ಗುಡಿಸುವವಳು. ಅಷ್ಟೂ ಜನರದ್ದಾದ ಮೇಲೆ ಪಾತ್ರೆಯ ತಳ ಮನೆಯ ಹೆಂಗಸಿನದು. ಮನೆಯಲ್ಲಿ ಒಂದು ಬಾಯಿ ಹಸಿದಿರುವಾಗ ತಾನು ಉಂಡವಳು ಮನೆ ಉಳಿಸುವವಳಲ್ಲ ಎಂದು ಅತ್ತೆ ಮೊದಲ ದಿನವೇ ಹೇಳಿದ್ದರಂತೆ. ಅತ್ತೆ ಸತ್ತರು, ಕೋರೆ ಮುಚ್ಚಿತು, ಉಣ್ಣುವವರು ಕಡಿಮೆಯಾದರು. ಮಾತು ಮಾತ್ರ ಸರಸಮ್ಮನ ಅನ್ನನಾಳದಲ್ಲಿ ಗಟ್ಟಿಯಾಗಿ ಕೂತಿತು. ಕೊನೆಯವಳು ಉಣ್ಣುವ ಮೊದಲು ಬಾಯಿಗಿಟ್ಟ ತುತ್ತು ಕೆಳಗಿಳಿಯುವುದಿಲ್ಲ. ಪ್ರಯತ್ನ ಮಾಡಿ ನೋಡಿದ್ದಾರೆ, ಓಕರಿಕೆ ಬರುತ್ತದೆ.

ಮಧುರ ಮುಸ್ಸಂಜೆಯಲ್ಲಿ ಕೊನೆಯವರು ಯಾರೆಂದು ಅವರ ಕಿಟಕಿಯಿಂದ ಕಾಣುತ್ತಿತ್ತು. ನಿವಾಸಿಗಳ ಊಟ, ತಟ್ಟೆ ತೊಳೆಯುವುದು, ಮಲಗಿಸುವುದು, ಬಟ್ಟೆ ಬದಲಿಸುವುದು ಎಲ್ಲ ಮುಗಿದ ಮೇಲೆ, ಬಿಸಿಲು ವಾಲಿದಾಗ, ಆಯಾಗಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಸರಸಮ್ಮ ಮೇಲಿನಿಂದ ನೋಡುತ್ತಾರೆ. ಎಲ್ಲರಿಗಿಂತ ಕೊನೆಗೆ ಅಕ್ಕು ಕೈ ತೊಳೆದದ್ದು ಕಂಡ ಮೇಲೆ ಇವರು ಡಬ್ಬ ತೆರೆಯುತ್ತಾರೆ. ಆಯಾಗಳಿಗೆ ಕೂರಲು ಪುರುಸೊತ್ತಾಗದ ದಿನ ಡಬ್ಬ ಕಪಾಟಿನಲ್ಲೇ ಉಳಿಯುತ್ತದೆ. ಮರುದಿನ ಚೆಲ್ಲಲು ಮನಸ್ಸು ಬರುವುದಿಲ್ಲ, ಅನ್ನ ಅಲ್ಲವೇ. ಅದನ್ನೇ ತಿನ್ನುತ್ತಾರೆ.

ವಾಂತಿಯಾದದ್ದರ ಹಿಂದಿನ ದಿನ ಅಕ್ಕುವಿಗೆ ನೆನಪಾಯಿತು. ಇಬ್ಬರು ಆಯಾಗಳು ರಜೆ, ಪಂಪು ಕೆಟ್ಟು ಕೆಳಗಿನಿಂದ ಬಕೆಟ್ ಹೊತ್ತದ್ದು, ಬುತ್ತಿಯನ್ನು ತೆರೆಯದೆ ಮನೆಗೆ ಒಯ್ದದ್ದು, ರಾತ್ರಿ ಅದನ್ನು ಕೋಳಿಗೆ ಹಾಕಿದ್ದು. ಬೆಂಜಮಿನ್ ಇಷ್ಟು ಹುಡುಕಿದ ವಿಷ ಬಂಗುಡೆಯಲ್ಲಿರಲಿಲ್ಲ. ಅಕ್ಕುವಿನ ಖಾಲಿ ಹೊಟ್ಟೆಯಲ್ಲಿತ್ತು.

"ನನ್ನದಾಯಿತು ಸರಸಮ್ಮ, ಈಗಷ್ಟೇ," ಎಂದು ಮರುದಿನ ಅವಳು ಸುಳ್ಳು ಹೇಳಿದಳು.

"ಉಂಡವಳ ಮುಖ ನನಗೆ ಗೊತ್ತಾಗುವುದಿಲ್ವಾ? ಎಷ್ಟು ಜನಕ್ಕೆ ಬಡಿಸಿದವಳು ನಾನು!"

ಅಕ್ಕು ಮೆಲಿಷಾಳ ಹತ್ತಿರ ಹೋದಳು. ಮೆಲಿಷಾ ಮೂವತ್ತರ ಹುಡುಗಿ, ಪಡುಬಿದ್ರೆ ಕಡೆಯವಳು, ಮಾತು ಕಡಿಮೆ. ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಮದ್ದು ಸುಲಭ. ನೀವೆಲ್ಲ ಮೊದಲು ಊಟ ಮಾಡಿ," ಎಂದು ನೇರ ಬೆಂಜಮಿನ್ ಕೋಣೆಗೆ ನಡೆದಳು. ಸಿಬ್ಬಂದಿಯ ಊಟ ಮೊದಲಾಗಲಿ, ಇಲ್ಲವೇ ಪಾಳಿಯಲ್ಲಾದರೂ ಆಗಲಿ ಎಂದಳು. ಕಾರಣ ಕೇಳಿದಾಗ, ಖಾಲಿ ಹೊಟ್ಟೆಯವರು ಮುದುಕರನ್ನು ಎತ್ತಿದರೆ ಕೈ ಜಾರುತ್ತದೆ ಎಂದಷ್ಟೇ ಹೇಳಿದಳು. ಸರಸಮ್ಮನ ಹೆಸರೆತ್ತಿದರೆ ಡಬ್ಬದ ಮಾತು ಬರುತ್ತದೆ, ಡಬ್ಬದ ಮಾತು ಬಂದರೆ ಮೂರನೆಯ ಮಹಡಿ.

ಬೆಂಜಮಿನ್ ಗೋಡೆಯ ಕಡೆ ಕೈ ತೋರಿಸಿದರಂತೆ. ಅಲ್ಲಿ ಚೌಕಟ್ಟು ಹಾಕಿದ ಬರಹ: 'ಮೊದಲು ಹಿರಿಯರು, ಆಮೇಲೆ ನಾವು. ಸೇವೆಯೇ ನಮ್ಮ ಊಟ.'

"ಸೇವೆಯೇ ಊಟ ಅಂತೆ," ಎಂದಳು ಮೆಲಿಷಾ ಹೊರಗೆ ಬಂದು. "ಅವರ ಮೇಜಿನ ಮೇಲೆ ಎರಡು ಪ್ಲೇಟ್ ಗೋಳಿಬಜೆ ಇತ್ತು. ಅದು ಯಾರ ಸೇವೆಯೋ."

ಆ ಶನಿವಾರ ಶರ್ಮಿಳಾ ಒಬ್ಬಳೇ ಬಂದಳು, ಕೈಯಲ್ಲಿ ಚೀಲವಿಲ್ಲದೆ. ತರಬಾರದು ಎಂದಿದೆಯಲ್ಲ. ಸರಸಮ್ಮನನ್ನು ಫಿಸಿಯೋಥೆರಪಿಗೆ ಕರೆದೊಯ್ದಿದ್ದರು. ಅಕ್ಕು ತಡೆಯಲಾರದೆ ಅವಳಿಗೆ ಎಲ್ಲ ಹೇಳಿದಳು. ಶರ್ಮಿಳಾ ಆಶ್ಚರ್ಯಪಡಲಿಲ್ಲ. ಮಂಚದ ಅಂಚಿನಲ್ಲಿ ಕೂತು ಚಾದರದ ನೆರಿಗೆ ಸರಿಮಾಡುತ್ತ ಹೇಳಿದಳು:

"ಗೊತ್ತುಂಟು. ಮನೆಯಲ್ಲೂ ಹಾಗೆಯೇ. ನಾನು ಕಾಲೇಜು ಮುಗಿಸಿ ಬರುವಾಗ ಸಂಜೆಯಾಗುತ್ತದೆ. ನಾನು ಸ್ಟಾಫ್ ರೂಮಿನಲ್ಲಿ ತಿಂದಿರುತ್ತೇನೆ ಅಂದರೆ ಅವರು ನಂಬಬೇಕಲ್ಲ? ಕಾದು ಕೂತಿರುತ್ತಾರೆ. ಮತ್ತೆ ನಾನು ಇನ್ನೊಂದು ಸಲ ಅವರೆದುರು ಉಂಡು ಮುಗಿಸಬೇಕು, ಆಮೇಲೆ ಅವರು. ಸಿಟ್ಟು ಬರುತ್ತಿತ್ತು ನನಗೆ. ಇಬ್ಬರೇ ಕೂತು ಉಂಡೆವಲ್ಲ ಅಷ್ಟು ವರ್ಷ, ಸಿಟ್ಟಿನಲ್ಲೇ."

"ಆವತ್ತು ಜಗಲಿಯಲ್ಲಿ ಯಾಕೆ ಹೇಳಲಿಲ್ಲ ನೀವು? ಸುಮ್ಮನೆ ಬೈಸಿಕೊಂಡಿರಿ."

"ಹೇಳಿದರೆ ನನ್ನ ಗಂಡ ಎಂತ ಹೇಳುತ್ತಾರೆ ಗೊತ್ತುಂಟಾ? 'ಅಮ್ಮ ನಿನಗೋಸ್ಕರ ಹಸಿದಿರುತ್ತಿದ್ದಳಾ? ಹಾಗಾದರೆ ನೀನು ಕಾಲೇಜು ಬಿಡು, ಅಮ್ಮನನ್ನು ಮನೆಗೆ ಕರೆತರುವ.' ಅಷ್ಟೇ. ಅವರು ಮಧ್ಯಾಹ್ನ ಅಂಗಡಿಯಿಂದ ಬಂದು ಉಂಡು ಮಲಗಿ ಹೋಗುತ್ತಾರೆ. ಅವರ ಅಮ್ಮ ಉಂಡಳಾ ಅಂತ ಒಂದು ದಿನ ಕೇಳಿದವರಲ್ಲ. ಬಂಗುಡೆಯ ಮೇಲೆಯೇ ಹೋಗಲಿ ಅಂದುಕೊಂಡೆ. ಬಂಗುಡೆಗೆ ಕೆಲಸ ಬಿಡುವ ಪ್ರಮೇಯ ಇಲ್ಲವಲ್ಲ."

ಏಳುವಾಗ ಒಂದು ಕ್ಷಣ ನಿಂತಳು. "ಅತ್ತೆ ಮೇಲಿನ ಮಾಳಿಗೆಗೆ ಹೋದರೆ ಒಂದು ತಿಂಗಳು ಉಳಿಯಲಿಕ್ಕಿಲ್ಲ ಅಕ್ಕು. ಚಮಚದಲ್ಲಿ ಹಾಕಿದರೆ ಉಗುಳುತ್ತಾರೆ. ನಾನು ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ನಿನಗೆ ಎಂತಾದರೂ ತೋಚಿದರೆ..."

ತೋಚಲು ಅಕ್ಕುವಿಗೆ ಹೊತ್ತಾದರೂ ಎಲ್ಲಿ? ಅವಳು ಯೋಚಿಸುವುದು ಬಸ್ಸಿನಲ್ಲಿ ಮಾತ್ರ, ಅದೂ ಸೀಟು ಸಿಕ್ಕಿದರೆ. ಅಂದು ಸಂಜೆ ಸೀಟು ಸಿಕ್ಕಿತು. ಡಬ್ಬದ ವಿಷಯ ಹೇಳಿದರೆ ಸರಸಮ್ಮ ಮೇಲಕ್ಕೆ. ಹೇಳದೆ ಮತ್ತೆ ತೊಳೆದಿಟ್ಟರೆ ತಾನು ಹೊರಕ್ಕೆ. ಆಮೇಲೆ ಸರಸಮ್ಮ ಇನ್ನೊಂದು ಆಯಾಳ ಹಸಿವನ್ನು ಕಾಯುತ್ತ ಕೂರುತ್ತಾರೆ. ನಿಜವಾದ ಕಾರಣ ಹೇಳಿದರೆ ಡಾಕ್ಟರ್ ನಗುತ್ತಾರೆ, ಧನರಾಜ ಹೆಂಡತಿಯ ಕಾಲೇಜಿಗೆ ಬೀಗ ಹಾಕುತ್ತಾನೆ. ಉದ್ಯಾವರದ ಸೇತುವೆ ದಾಟುವಾಗ ಹೊಳೆಯ ಮೇಲೆ ಕೆಂಪು ಬೆಳಕಿತ್ತು, ಅದನ್ನು ನೋಡುವ ಬದಲು ಅವಳು ತನ್ನ ಮನೆಯಲ್ಲಿ ತಾನು ಕೊನೆಗೆ ಉಣ್ಣುವಾಗ ಯಾರಾದರೂ ಕಾದದ್ದುಂಟೇ ಎಂದು ಹುಡುಕಿದಳು. ಬೆಕ್ಕು ಒಂದಿತ್ತು. ಅದು ಮೀನಿನ ತಲೆಗೆ.

ಸೋಮವಾರ ಡಾಕ್ಟರ್ ಬರುವ ದಿನ. ಮಧ್ಯಾಹ್ನದ ಊಟದ ಹೊತ್ತಿಗೇ ಸುತ್ತು ಬರುತ್ತೇವೆ, ಕಪಾಟುಗಳನ್ನೂ ನೋಡುತ್ತೇವೆ ಎಂದು ಬೆಂಜಮಿನ್ ಬೆಳಿಗ್ಗೆಯೇ ಸಾರಿದ್ದರು. ಅಕ್ಕು ಸರಸಮ್ಮನ ತಟ್ಟೆ ತಂದಿಟ್ಟಳು. ಕುಚ್ಚಲಕ್ಕಿ ಅನ್ನ, ತೊವ್ವೆ, ಹುರಿದ ನಂಗು ಮೀನು.

"ಸರಸಮ್ಮ, ಇವತ್ತೊಂದು ದಿನ. ದಮ್ಮಯ್ಯ. ಅವರು ಬರುತ್ತಾರೆ ಈಗ. ಎರಡು ತುತ್ತು ಬಾಯಿಗಿಡಿ."

"ನಾನೆಂತ ಬೇಕೂಂತ ಮಾಡುವುದಾ? ಇಳಿಯುವುದಿಲ್ಲ ಮಗಾ." ಸರಸಮ್ಮನ ಕಣ್ಣಲ್ಲಿ ಮೊದಲ ಸಲ ಹೆದರಿಕೆ ಕಂಡಿತು. "ನನಗೆ ಮರುಳಾ? ನೀನು ಹೇಳು. ಮರುಳಾದರೆ ಮೇಲೆ ಹಾಕಲಿ."

ಜಗಲಿಯ ಆ ತುದಿಯಲ್ಲಿ ಮಾತು ಕೇಳಿಸಿತು. ಒಂದು ಕೋಣೆಯ ಬಾಗಿಲು ತೆರೆದು ಮುಚ್ಚಿತು. ಇನ್ನು ಮೂರು ಕೋಣೆ ದಾಟಿದರೆ ಇಲ್ಲಿಗೇ. ಸರಸಮ್ಮನ ಕೈ ಅಭ್ಯಾಸಬಲದಿಂದ ವಾಕರಿನ ಕಡೆ ಹೋಯಿತು, ಡಬ್ಬ ತರಲು.

ಅಕ್ಕು ಕೆಳಗೆ ಓಡಿದಳು. ಆಯಾಗಳ ಕೋಣೆಯಿಂದ ತನ್ನ ಬುತ್ತಿ ತಂದಳು. ಕಾನ್ಸೆಪ್ಟಾಬಾಯಿಯ ಮಂಚದ ಪಕ್ಕದಲ್ಲಿ ಸಂದರ್ಶಕರ ಕುರ್ಚಿ ಇತ್ತು. ಅದರಲ್ಲಿ ಸಿಬ್ಬಂದಿ ಕೂರುವಂತಿಲ್ಲ. ನಿವಾಸಿಗಳ ಕೋಣೆಯಲ್ಲಿ ಸಿಬ್ಬಂದಿಯ ತಿನಿಸು ತೆರೆಯುವಂತಿಲ್ಲ. ಹಿರಿಯರಿಗಿಂತ ಮೊದಲು ಉಣ್ಣುವಂತಿಲ್ಲ. ಅಕ್ಕು ಕುರ್ಚಿಯನ್ನು ಸರಸಮ್ಮನ ಎದುರಿಗೆ ಎಳೆದು, ಕೂತು, ಮುಚ್ಚಳ ತೆಗೆದಳು. ತಣ್ಣಗಿನ ಅನ್ನ, ಒಣಸೀಗಡಿ ಚಟ್ನಿ.

"ಎಂತ ಮಾಡುತ್ತೀ?" ಎಂದರು ಸರಸಮ್ಮ.

"ಉಣ್ಣುವುದು."

"ದೇವರೇ! ಬಾಗಿಲು ಹಾಕು ಮಾರಾಯ್ತಿ, ಬರುತ್ತಿದ್ದಾರೆ," ಎಂದರು ಕಾನ್ಸೆಪ್ಟಾಬಾಯಿ.

ಬಾಗಿಲು ಹಾಕಲು ಏಳಬೇಕು. ಅಕ್ಕು ಏಳಲಿಲ್ಲ. ಕಲಸಿ, ತುತ್ತು ಮಾಡಿ ಬಾಯಿಗಿಟ್ಟಳು. ಸರಸಮ್ಮ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಅವರ ಗಂಟಲು ಇವಳ ಗಂಟಲಿನ ಜೊತೆ ಏರಿ ಇಳಿಯುತ್ತಿತ್ತು. ಕೈ ತಟ್ಟೆಯ ಅಂಚಿಗೆ ಬಂದು ಅಲ್ಲಿಯೇ ನಿಂತಿತು. ಪೂರ್ತಿ ಆಗಬೇಕು. ಅರ್ಧ ಉಂಡವಳನ್ನು ಉಂಡವಳೆಂದು ಲೆಕ್ಕ ಹಿಡಿಯುವ ಪೈಕಿ ಅಲ್ಲ ಅವರು.

"ಅಕ್ಕು!"

ಬಾಗಿಲಲ್ಲಿ ಬೆಂಜಮಿನ್. ಹಿಂದೆ ಡಾಕ್ಟರ್, ಅವರ ಹಿಂದೆ ಮೆಲಿಷಾ.

"ಎಂತ ಇದು? ಇಲ್ಲಿ ಕೂತು? ಹಿರಿಯರ ಎದುರು? ತಲೆ ಸರಿ ಉಂಟಾ ನಿನಗೆ?" ಮುಖ ಕೆಂಪಾಗಿತ್ತು. ಡಾಕ್ಟರ್ ಎದುರು ಅವಮಾನ ಬೇರೆ. "ಏಳು. ಈಗ ಏಳು. ಡಬ್ಬ ಎತ್ತಿಕೊಂಡು ನನ್ನ ಆಫೀಸಿಗೆ ಬಾ. ಈಗ ಎದ್ದರೆ ಮಾತಾಡುವ. ಇಲ್ಲವಾದರೆ ಹಾಗೆಯೇ ಗೇಟಿಗೆ ಹೋಗು."

ಮೆಲಿಷಾ ಏನೋ ಹೇಳಲು ಮುಂದೆ ಬಂದಳು. ಅಕ್ಕು ಅವಳ ಕಡೆ ನೋಡಲಿಲ್ಲ. ಏಳಬಹುದಿತ್ತು. ತಪ್ಪಾಯಿತು ಸರ್ ಎಂದರೆ ಮುಗಿಯುತ್ತಿತ್ತು. ಆ ಮಾತು ಅವಳಿಗೆ ಅಭ್ಯಾಸವಿಲ್ಲದ್ದೇನಲ್ಲ, ದಿನಕ್ಕೆ ಹತ್ತು ಸಲ ಯಾವ ತಪ್ಪೂ ಮಾಡದೆ ಹೇಳಿದ್ದಾಳೆ. ಡಬ್ಬದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಅನ್ನವಿತ್ತು. ಎದುರಿನ ತಟ್ಟೆಯಲ್ಲಿ ಮೀನು ಆರುತ್ತಿತ್ತು.

ಅಕ್ಕು ಉಳಿದ ಅನ್ನದ ಮೇಲೆ ಚಟ್ನಿಯನ್ನೆಲ್ಲ ಸುರಿದು, ಗಡಿಬಿಡಿಯಿಲ್ಲದೆ ಕಲಸತೊಡಗಿದಳು.